ಕೋಳಿಮರಿಗೆ ಕಾವು ಮತ್ತು ಗಾಳಿ: ಬ್ರೂಡರ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಹೆಬ್ಬಾಳದ ಪಶುವೈದ್ಯ ಕಾಲೇಜಿನ ಗಿರಿರಾಜ ಇರಲಿ, ಸ್ವರ್ಣಧಾರ ಇರಲಿ, ಹೆಸರಘಟ್ಟದ ಕಾವೇರಿ ಇರಲಿ, ಊರಿನ ನಾಟಿಯೇ ಇರಲಿ, ತಳಿ ಯಾವುದೇ ಆಗಲಿ, ಮೊದಲ ಮೂರು ವಾರ ಎಲ್ಲ ಮರಿಗಳ ಪಾಡೂ ಒಂದೇ. ತಾಯಿಕೋಳಿಯ ಬದಲು ಮರಿಗೆ ಕಾವು ಕೊಡುವ ವ್ಯವಸ್ಥೆಯೇ ಬ್ರೂಡರ್. ಈ ಪುಟ ಒಂದು ಸಲಕ್ಕೆ 50ರಿಂದ 300 ಮರಿ ತಂದು ಸಾಕುವವರಿಗೆ. ಫ್ಯಾನು, ಕೂಲಿಂಗ್ ಪ್ಯಾಡ್ ಇರುವ ಮುಚ್ಚಿದ ಶೆಡ್‌ಗಳ ಲೆಕ್ಕವೇ ಬೇರೆ, ಅದನ್ನು ಇಲ್ಲಿ ಮುಟ್ಟಿಲ್ಲ.

ಮರಿಗೆ ಹೊರಗಿನ ಕಾವು ಯಾಕೆ ಬೇಕು?

ದೊಡ್ಡ ಕೋಳಿಯ ಮೈಶಾಖ ಸುಮಾರು 41 ಡಿಗ್ರಿ ಸೆಲ್ಸಿಯಸ್. ಆಗ ತಾನೇ ಮೊಟ್ಟೆಯೊಡೆದ ಮರಿಯದು ಅದಕ್ಕಿಂತ ಒಂದೆರಡು ಡಿಗ್ರಿ ಕಡಿಮೆ. 35–40 ಗ್ರಾಂ ತೂಕದ ಆ ಮೈಗೆ ತುಪ್ಪಳ ಬಿಟ್ಟರೆ ಬೇರೆ ಹೊದಿಕೆ ಇಲ್ಲ. ತನ್ನ ಶಾಖವನ್ನು ತಾನೇ ಕಾಪಾಡಿಕೊಳ್ಳುವ ಶಕ್ತಿ ಬರುವುದಕ್ಕೆ ಎರಡು ವಾರ ಬೇಕು. ಚಳಿಯಾದ ಮರಿ ತಿನ್ನುವುದಿಲ್ಲ, ಕುಡಿಯುವುದಿಲ್ಲ. ಮೂಲೆಗೆ ಹೋಗಿ ಒಂದರ ಮೇಲೊಂದು ಬೀಳುತ್ತವೆ, ಅಡಿಯಲ್ಲಿ ಸಿಕ್ಕಿದ್ದು ಉಸಿರುಗಟ್ಟಿ ಸಾಯುತ್ತದೆ.

ಇನ್ನೊಂದು ವಿಷಯ ಇದೆ. ಮರಿಯ ಹೊಟ್ಟೆಯೊಳಗೆ ಉಳಿದಿರುವ ಮೊಟ್ಟೆಯ ಹಳದಿ ಎರಡು ಮೂರು ದಿನ ಅದನ್ನು ಬದುಕಿಸುತ್ತದೆ. ಹಾಗಾಗಿ ಮೊದಲ ರಾತ್ರಿ ಚಳಿ ಹಿಡಿದು ಮೇವು ಮುಟ್ಟದ ಮರಿ ತಕ್ಷಣ ಸಾಯುವುದಿಲ್ಲ. ನಾಲ್ಕನೇ ದಿನವೋ ಐದನೇ ದಿನವೋ ಸಾಯುತ್ತದೆ. ಆ ಹೊತ್ತಿಗೆ ಮೊದಲ ರಾತ್ರಿ ಯಾರಿಗೂ ನೆನಪಿರುವುದಿಲ್ಲ. ಬೈಗುಳ ಹ್ಯಾಚರಿಗೋ ಮೇವಿಗೋ ಬೀಳುತ್ತದೆ.

ಎಷ್ಟು ಬಿಸಿ ಇರಬೇಕು?

ಮೊದಲ ವಾರ 35 ಡಿಗ್ರಿ ಸೆಲ್ಸಿಯಸ್, ಅಂದರೆ ನಮ್ಮ ರೈತರು ಹೇಳುವ 95 ಫ್ಯಾರನ್‌ಹೀಟ್. ಆಮೇಲೆ ವಾರಕ್ಕೆ ಸುಮಾರು 3 ಡಿಗ್ರಿಯಂತೆ ಇಳಿಸುತ್ತಾ ಹೋಗಬೇಕು. ಎರಡನೇ ವಾರ 32, ಮೂರನೇ ವಾರ 29, ನಾಲ್ಕನೇ ವಾರ 26. ಹೊರಗಿನ ಹವೆ 21–24ಕ್ಕಿಂತ ಕೆಳಗೆ ಇಳಿಯದಿದ್ದರೆ ಅಲ್ಲಿಂದಾಚೆ ಕಾವು ಬೇಡ.

ಈ ಅಂಕಿಗಳು ಬಲ್ಬಿನ ಕೆಳಗಿನ ಜಾಗಕ್ಕೆ, ಇಡೀ ಕೋಣೆಗೆ ಅಲ್ಲ. ಹೊಸಬರು ಇಲ್ಲೇ ಎಡವುವುದು. ಕೋಣೆ ಪೂರ್ತಿ 35 ಮಾಡಲು ಹೋಗಿ ಕಿಟಕಿ, ಬಾಗಿಲು, ಸಂದು ಎಲ್ಲ ಮುಚ್ಚುತ್ತಾರೆ. ಬಲ್ಬಿನ ಕೆಳಗೆ 35 ಇದ್ದು, ಅದರಾಚೆ 26–28 ಇದ್ದರೆ ಮರಿಗೆ ಬೇಕಾದಾಗ ಒಳಗೆ ಬರಬಹುದು, ಸಾಕಾದಾಗ ಆಚೆ ಹೋಗಬಹುದು. ಆ ಆಯ್ಕೆ ಮರಿಗೆ ಬಿಡಿ.

ಥರ್ಮಾಮೀಟರ್ ಎಲ್ಲಿ ತೂಗುಹಾಕಬೇಕು?

ಗೋಡೆಯ ಮೊಳೆಗಂತೂ ಅಲ್ಲ. ಬಲ್ಬಿನ ಮೇಲಿನ ಮುಚ್ಚಳದ, ಅಂದರೆ ಹೋವರಿನ, ಅಂಚಿನ ಕೆಳಗೆ, ನೆಲಕ್ಕೆ ಹರಡಿದ ಹೊಟ್ಟಿನ ಹಾಸು ಅಂದರೆ ಲಿಟರ್‌ನಿಂದ ಎರಡು ಇಂಚು ಮೇಲೆ, ಮರಿಯ ಬೆನ್ನಿನ ಮಟ್ಟಕ್ಕೆ. ನಿಮ್ಮ ತಲೆ ಇರುವ ಎತ್ತರದಲ್ಲಿ ಎಷ್ಟು ಬಿಸಿ ಇದೆ ಅನ್ನುವುದು ಮರಿಗೆ ಸಂಬಂಧವೇ ಇಲ್ಲ.

ಥರ್ಮಾಮೀಟರ್ ಇಲ್ಲದೆ ಗೊತ್ತಾಗುವುದಿಲ್ವಾ?

ಚೆನ್ನಾಗಿಯೇ ಗೊತ್ತಾಗುತ್ತದೆ. ಥರ್ಮಾಮೀಟರ್ ಇದ್ದರೂ ಕೊನೆಯ ಮಾತು ಮರಿಗಳದ್ದೇ.

ಬಲ್ಬಿನ ಕೆಳಗೆ ಗುಂಪಾಗಿ ಒತ್ತಿಕೊಂಡು ಜೋರಾಗಿ ಕಿರುಚುತ್ತಿದ್ದರೆ ಚಳಿ. ಬಲ್ಬಿನಿಂದ ದೂರ ಸರಿದು, ಸುತ್ತ ನಿಲ್ಲಿಸಿದ ತಡೆಗೆ (ಗಾರ್ಡಿಗೆ) ಅಂಟಿ ಕುಳಿತು, ಬಾಯಿ ತೆರೆದು ಏದುಸಿರು ಬಿಡುತ್ತಾ ರೆಕ್ಕೆ ಇಳಿಬಿಟ್ಟಿದ್ದರೆ ಸೆಕೆ. ಎಲ್ಲವೂ ಒಂದೇ ಮಗ್ಗುಲಿಗೆ ಸೇರಿಕೊಂಡಿದ್ದರೆ ಎದುರು ಮಗ್ಗುಲಿನಿಂದ ಎಲ್ಲೋ ತಣ್ಣನೆ ಗಾಳಿ ನುಗ್ಗುತ್ತಿದೆ. ಈ ಮೂರನೆಯದನ್ನು ಬಹಳ ಜನ ಚಳಿ ಅಂದುಕೊಂಡು ಇನ್ನೊಂದು ಬಲ್ಬ್ ಹಾಕುತ್ತಾರೆ. ಬೇಕಾಗಿರುವುದು ಬಲ್ಬ್ ಅಲ್ಲ, ಆ ಸಂದಿಗೆ ಒಂದು ಗೋಣಿಚೀಲ. ಮರಿಗಳು ಎಲ್ಲ ಕಡೆ ಹರಡಿಕೊಂಡು, ಕೆಲವು ತಿನ್ನುತ್ತಾ, ಕೆಲವು ಕಾಲು ಚಾಚಿ ಮಲಗಿ, ಸಣ್ಣಗೆ ಚಿಲಿಪಿಲಿ ಅನ್ನುತ್ತಿದ್ದರೆ ಏನನ್ನೂ ಮುಟ್ಟಬೇಡಿ.

ಇನ್ನೆರಡು ಪರೀಕ್ಷೆಗಳಿವೆ. ನಾಲ್ಕಾರು ಮರಿ ಎತ್ತಿಕೊಂಡು ಅವುಗಳ ಪಾದವನ್ನು ನಿಮ್ಮ ಕೆನ್ನೆಗೆ ತಾಗಿಸಿ. ತಣ್ಣಗಿದ್ದರೆ ಅವು ನಿಂತಿರುವ ನೆಲ ತಣ್ಣಗಿದೆ, ಮೇಲೆ ಎಷ್ಟೇ ಬಲ್ಬ್ ಉರಿಯುತ್ತಿರಲಿ. ಮರಿ ಬಿಟ್ಟ ಎಂಟು ಗಂಟೆಯ ನಂತರ ಕುತ್ತಿಗೆಯ ಬುಡದ ಮೇವಿನ ಚೀಲವನ್ನು ಬೆರಳಲ್ಲಿ ಮೆಲ್ಲಗೆ ಮುಟ್ಟಿ ನೋಡಿ. ಹತ್ತರಲ್ಲಿ ಎಂಟು ಮರಿಗಳಲ್ಲಿ ಅದು ತುಂಬಿ ಮೆತ್ತಗಿರಬೇಕು. ಮರುದಿನದ ಹೊತ್ತಿಗೆ ಹೆಚ್ಚುಕಡಿಮೆ ಎಲ್ಲವುಗಳಲ್ಲೂ. ಇಲ್ಲದಿದ್ದರೆ ಮೊದಲು ಕಾವು ನೋಡಿ, ಆಮೇಲೆ ನೀರು, ಮೇವು.

200 ಮರಿಗೆ ಎಷ್ಟು ಬಲ್ಬ್ ಬೇಕು?

ಮರಿಗೊಂದು ವ್ಯಾಟ್ ಬೇಸಿಗೆಗೆ, ಎರಡು ವ್ಯಾಟ್ ಚಳಿಗಾಲಕ್ಕೆ. ಅಂದರೆ ಡಿಸೆಂಬರಿನಲ್ಲಿ 200 ಮರಿಗೆ 100 ವ್ಯಾಟಿನ ನಾಲ್ಕು ಬಲ್ಬ್. ಒಂದೇ ದೊಡ್ಡ ಬಲ್ಬಿಗಿಂತ ನಾಲ್ಕು ಸಣ್ಣವು ಮೇಲು. ಒಂದು ಸುಟ್ಟುಹೋದರೂ ಉಳಿದವು ಇರುತ್ತವೆ, ಬಿಸಿ ಜಾಸ್ತಿಯಾದರೆ ಒಂದನ್ನು ಆರಿಸಬಹುದು. ಮೇಲೆ ತಗಡಿನ ಅಥವಾ ಬಿದಿರು ಬುಟ್ಟಿಯ ಹೋವರ್ ಇದ್ದರೆ ಶಾಖ ಕೆಳಕ್ಕೆ ತಿರುಗುತ್ತದೆ. ಬಿದಿರಿನದಾದರೆ ಬಲ್ಬಿಗೂ ಬುಟ್ಟಿಗೂ ನಡುವೆ ಒಂದು ಗೇಣು ಅಂತರ ಇರಲಿ. ಹೋವರನ್ನು ಒಂದರಿಂದ ಒಂದೂವರೆ ಅಡಿ ಎತ್ತರದಲ್ಲಿ ತೂಗುಹಾಕಿ, ದಿನ ಕಳೆದಂತೆ ಮೇಲಕ್ಕೆ ಎತ್ತುತ್ತಾ ಹೋಗಿ.

ಬಲ್ಬನ್ನು ಅದರ ವೈರಿನಲ್ಲೇ ಜೋತುಬಿಡಬೇಡಿ. ಸರಪಳಿಯಲ್ಲೋ ಕಬ್ಬಿಣದ ತಂತಿಯಲ್ಲೋ ಕಟ್ಟಿ, ಅದು ಬಿದ್ದರೂ ಲಿಟರ್ ಮುಟ್ಟದ ಹಾಗೆ ಇನ್ನೊಂದು ತಂತಿ ಬಿಗಿಯಿರಿ. ಒಣ ಹೊಟ್ಟಿನ ಮೇಲೆ ಉರಿಯುವ ಬಲ್ಬ್ ಬಿದ್ದರೆ ಮರಿ ಮಾತ್ರವಲ್ಲ, ಶೆಡ್ಡೇ ಹೋಗುತ್ತದೆ.

ಅಂಗಡಿಯಲ್ಲಿ ಹಳೇ ಫಿಲಮೆಂಟ್ ಬಲ್ಬೇ ಸಿಗುತ್ತಿಲ್ಲ. ಎಲ್‌ಇಡಿ ಆಗಲ್ವಾ?

ಆಗುವುದಿಲ್ಲ. ಎಲ್‌ಇಡಿ ಹೆಸರು ಮಾಡಿದ್ದೇ ಬಿಸಿಯಾಗದೆ ಬೆಳಕು ಕೊಡುವುದಕ್ಕೆ. ನಮಗೆ ಬೇಕಾಗಿರುವುದು ಉಲ್ಟಾ. 9 ವ್ಯಾಟಿನ ಎಲ್‌ಇಡಿಯ ಡಬ್ಬಿಯ ಮೇಲೆ ‘ಹಳೇ 60 ವ್ಯಾಟಿಗೆ ಸಮ’ ಎಂದು ಬರೆದಿದ್ದರೆ ಅದು ಬೆಳಕಿನ ಲೆಕ್ಕ. ಅದರ ಶಾಖ 9 ವ್ಯಾಟ್ ಕೂಡ ಮುಟ್ಟುವುದಿಲ್ಲ.

ಇನ್‌ಫ್ರಾರೆಡ್ ಬಲ್ಬ್ ಒಳ್ಳೆಯ ದಾರಿ. 250 ವ್ಯಾಟಿನದು ನೂರು ಮರಿಗೆ ಆರಾಮಾಗಿ ಸಾಕು. ಒಂದೂವರೆ ಅಡಿಗಿಂತ ಕೆಳಗೆ ತರಬೇಡಿ. ಕೆಂಪು ಬಣ್ಣದ್ದು ಸಿಕ್ಕರೆ ಅದನ್ನೇ ತೆಗೆದುಕೊಳ್ಳಿ, ಕೆಂಪು ಬೆಳಕಿನಲ್ಲಿ ಮರಿಗಳು ಒಂದನ್ನೊಂದು ಕುಕ್ಕುವುದು ಕಡಿಮೆ. ಬೆಳಕಿಲ್ಲದೆ ಬರೀ ಶಾಖ ಕೊಡುವ ಸೆರಾಮಿಕ್ ಹೀಟರ್‌ಗಳೂ ಇವೆ. ಅದಕ್ಕೆ ಪಿಂಗಾಣಿ ಹೋಲ್ಡರೇ ಬೇಕು, ಪ್ಲಾಸ್ಟಿಕ್ ಹೋಲ್ಡರ್ ಕರಗುತ್ತದೆ.

ಒಂದು ಎಚ್ಚರಿಕೆ. ಒಡೆಯದ ಬಲ್ಬ್ ಎಂದು ಟೆಫ್ಲಾನ್ ಲೇಪ ಹಾಕಿದ ಬಲ್ಬ್‌ಗಳು ಬರುತ್ತವೆ. ಕಾದಾಗ ಆ ಲೇಪದಿಂದ ಬರುವ ಹೊಗೆ ನಮಗೆ ಕಾಣುವುದಿಲ್ಲ, ಪಕ್ಷಿಗಳಿಗೆ ಮಾತ್ರ ವಿಷ. ಕೋಣೆ ಕೋಣೆಯೇ ಖಾಲಿಯಾಗಬಹುದು.

ಚಿಕ್ ಗಾರ್ಡ್ ಬೇಕೇ ಬೇಕಾ?

ಬೇಕು. ಒಂದೂವರೆ ಅಡಿ ಎತ್ತರದ ತಗಡು, ರಟ್ಟು ಅಥವಾ ಬಿದಿರು ತಟ್ಟಿಯನ್ನು ದುಂಡಗೆ ನಿಲ್ಲಿಸಿ. 200–250 ಮರಿಗೆ ಮೊದಲ ದಿನ ಆರೇಳು ಅಡಿ ಅಗಲದ ವೃತ್ತ ಸಾಕು. ಮೂಲೆ ಇರಬಾರದು, ಮರಿ ಸಾಯುವುದೇ ಮೂಲೆಯಲ್ಲಿ. ಮೂರನೇ ದಿನದಿಂದ ವೃತ್ತ ದೊಡ್ಡದು ಮಾಡುತ್ತಾ ಬಂದು ಹತ್ತು ದಿನದೊಳಗೆ ತೆಗೆದುಬಿಡಿ. ಬೇಸಿಗೆಯಲ್ಲಿ ಒಂದು ವಾರವೇ ಜಾಸ್ತಿ.

ಮರಿ ಬರುವ ಮುಂಚೆ ಏನು ಸಿದ್ಧ ಮಾಡಬೇಕು?

ಒಂದು ದಿನ ಮುಂಚೆಯೇ ಬ್ರೂಡರ್ ಹಚ್ಚಿಡಿ. ಗಾಳಿ ಬೇಗ ಬಿಸಿಯಾಗುತ್ತದೆ, ನೆಲ ಮತ್ತು ಲಿಟರ್ ಬಿಸಿಯಾಗಲು ಗಂಟೆಗಟ್ಟಲೆ ಬೇಕು. ಮರಿ ಇಳಿಸುವಾಗ ಲಿಟರ್ ಮುಟ್ಟಿದರೆ ಬೆಚ್ಚಗಿರಬೇಕು, 28–30 ಡಿಗ್ರಿ.

ಲಿಟರ್ ಅಂದರೆ ಭತ್ತದ ಹೊಟ್ಟು, ಮರದ ಹೊಟ್ಟಿನ ದಪ್ಪ ಚೂರು ಅಥವಾ ಶೇಂಗಾ ಸಿಪ್ಪೆ, ಎರಡು ಮೂರು ಇಂಚು ದಪ್ಪ. ಬೂಸಲು ವಾಸನೆ ಬಂದರೆ ಆ ಚೀಲ ಬೇಡವೇ ಬೇಡ. ಬೂಸಲಿನ ಬೀಜಕಣ ಮರಿಯ ಶ್ವಾಸಕೋಶಕ್ಕೆ ಹೋಗಿ ಬರುವ ಕಾಯಿಲೆಗೆ ಬ್ರೂಡರ್ ನ್ಯುಮೋನಿಯಾ ಅನ್ನುತ್ತಾರೆ, ಅದಕ್ಕೆ ಮದ್ದು ಸಿಗುವುದು ಕಷ್ಟ. ಮೊದಲ ಎರಡು ಮೂರು ದಿನ ಮೇಲೆ ಕಾಗದ ಹಾಸಿ. ನುಣುಪಾದ ಪತ್ರಿಕೆ ಹಾಳೆಯಲ್ಲಿ ಕಾಲು ಜಾರಿ ಮರಿಯ ಕಾಲುಗಳು ಅಗಲಿಸಿಕೊಂಡುಬಿಡುತ್ತವೆ. ರಟ್ಟಿನ ಪೆಟ್ಟಿಗೆ ಬಿಚ್ಚಿ ಅದರ ಒರಟು ಮಗ್ಗುಲು ಮೇಲೆ ಹಾಕಿದರೆ ಆ ತೊಂದರೆ ಇಲ್ಲ.

ಗಾಳಿ ಬಿಟ್ಟರೆ ಕಾವು ಹೋಗಲ್ವಾ? ಎಲ್ಲ ಮುಚ್ಚಿದರೆ ಕರೆಂಟೂ ಉಳಿಯುತ್ತದಲ್ಲ?

ನನಗೆ ಕೇಳಿದರೆ ಈ ಪುಟದ ಮುಖ್ಯ ಪ್ರಶ್ನೆ ಇದೇ. ಚಳಿಗೆ ಒಂದರ ಮೇಲೊಂದು ಬಿದ್ದು ಸತ್ತ ಮರಿ ಒಂದೇ ರಾತ್ರಿಯಲ್ಲಿ ಕಣ್ಣಿಗೆ ಕಾಣುತ್ತದೆ. ಗಾಳಿಯಿಲ್ಲದೆ ಕೆಟ್ಟ ಮರಿ ಮೂರು ವಾರ ನಿಧಾನಕ್ಕೆ ಕೆಡುತ್ತದೆ. ಹಾಗಾಗಿ ಜನ ಚಳಿಗೆ ಹೆದರುತ್ತಾರೆ, ಮುಚ್ಚುವುದಕ್ಕೆ ಹೆದರುವುದಿಲ್ಲ.

ಮುಚ್ಚಿದ ಕೋಣೆಯಲ್ಲಿ ಏನೇನು ತುಂಬುತ್ತದೆ ನೋಡಿ. ಮರಿಯ ಉಸಿರಿನಿಂದ ಇಂಗಾಲದ ಡೈಆಕ್ಸೈಡ್ ಮತ್ತು ತೇವ. ಹಿಕ್ಕೆಯಿಂದ ಇನ್ನಷ್ಟು ತೇವ. ಆ ತೇವ ಲಿಟರ್‌ಗೆ ಇಳಿದು, ಹಿಕ್ಕೆ ಕೊಳೆತು ಅಮೋನಿಯಾ. ತೇವದ ಲಿಟರ್ ಬೆಚ್ಚಗೂ ಇದ್ದರೆ ರಕ್ತಭೇದಿ ತರುವ ಕಾಕ್ಸಿಡಿಯಾ ಎಂಬ ರೋಗಾಣುವಿಗೆ ಅದಕ್ಕಿಂತ ಒಳ್ಳೆ ಜಾಗ ಬೇಕಿಲ್ಲ. ಬೇಗ ಬೆಳೆಯುವ ಬ್ರಾಯ್ಲರ್ ಮರಿಗೆ ಆಮ್ಲಜನಕ ಸಾಲದಿದ್ದರೆ ಹೃದಯದ ಮೇಲೆ ಭಾರ ಬಿದ್ದು ಮುಂದೆ ಹೊಟ್ಟೆಯಲ್ಲಿ ನೀರು ತುಂಬುವ ಕಾಯಿಲೆ ಬರುತ್ತದೆ. ಕಾಣಿಸಿಕೊಳ್ಳುವುದು ನಾಲ್ಕೈದನೇ ವಾರ, ಬೀಜ ಬಿದ್ದಿರುವುದು ಬ್ರೂಡರ್‌ನಲ್ಲಿ.

ಕರೆಂಟ್ ಉಳಿಸುವ ಲೆಕ್ಕವೂ ಸರಿಯಿಲ್ಲ. ಒದ್ದೆ ಲಿಟರ್ ಮೇಲೆ ಕೂತ ಮರಿಗೆ ಒಣ ಲಿಟರ್ ಮೇಲಿನ ಮರಿಗಿಂತ ಜಾಸ್ತಿ ಕಾವು ಬೇಕು. ಗಾಳಿ ಬಿಟ್ಟು ತೇವ ಹೊರಗೆ ಹಾಕಿದರೆ ಅದೇ ಬಲ್ಬ್ ಹೆಚ್ಚು ಕೆಲಸ ಮಾಡುತ್ತದೆ.

ಗಾಳಿಯಾಡುವುದು ಬೇರೆ, ಗಾಳಿ ಬೀಸುವುದು ಬೇರೆ. ಮರಿಯ ಮಟ್ಟದಲ್ಲಿ ಗಾಳಿ ಬೀಸಬಾರದು. ಮೇಲುಗಡೆ ಗಾಳಿ ಆಡುತ್ತಿರಬೇಕು. ಬಿಸಿ ಗಾಳಿ, ಅದರ ಜೊತೆ ತೇವ, ತಾನಾಗಿ ಮೇಲೇರಿ ಹೋಗುತ್ತದೆ. ಅದಕ್ಕೆ ದಾರಿ ಬಿಟ್ಟರೆ ಸಾಕು, ಫ್ಯಾನ್ ಏನೂ ಬೇಡ.

ಹಾಗಾದರೆ ಪರದೆ ಹೇಗೆ ಕಟ್ಟಬೇಕು?

ಬಹಳ ಶೆಡ್‌ಗಳಲ್ಲಿ ಟಾರ್ಪಾಲನ್ನು ಮೇಲೆ ಮೊಳೆ ಹೊಡೆದು ಕೆಳಕ್ಕೆ ಇಳಿಬಿಟ್ಟಿರುತ್ತಾರೆ. ಗಾಳಿ ಬೇಕು ಅಂದಾಗ ಕೆಳಗಿನಿಂದ ಸುತ್ತಿ ಎತ್ತುತ್ತಾರೆ. ಆಗ ತಣ್ಣನೆ ಗಾಳಿ ನೇರ ಮರಿಯ ಮೈಗೆ. ಉಲ್ಟಾ ಮಾಡಿ. ಪರದೆಯ ಕೆಳಅಂಚನ್ನು ಗಿಡ್ಡ ಗೋಡೆಗೆ ಭದ್ರ ಮಾಡಿ, ಮೇಲಂಚನ್ನು ಹಗ್ಗ ಮತ್ತು ರಾಟೆಗೆ ಕಟ್ಟಿ. ತೆರೆಯುವುದು ಮೇಲಿನಿಂದ ಕೆಳಕ್ಕೆ. ಎಂಥ ಚಳಿಯ ರಾತ್ರಿಯಲ್ಲೂ ಸೂರಿನ ಕೆಳಗೆ ಅರ್ಧ ಅಡಿಯಾದರೂ ಬಿಟ್ಟಿರಲಿ. ಹೊರಗಿನ ತಣ್ಣನೆ ಗಾಳಿ ಅಲ್ಲಿ ಒಳಗೆ ಬಂದು, ಮೇಲಿರುವ ಬೆಚ್ಚನೆ ಗಾಳಿಯ ಜೊತೆ ಬೆರೆತು, ಆಮೇಲೆ ಕೆಳಗೆ ಇಳಿಯುತ್ತದೆ.

ಗಾಳಿ ಬೀಸುವ ದಿಕ್ಕಿನ ಪರದೆ ಕಡಿಮೆ ತೆರೆಯಿರಿ, ಎದುರು ದಿಕ್ಕಿನದು ಜಾಸ್ತಿ. ಮಧ್ಯಾಹ್ನ ಹನ್ನೊಂದರಿಂದ ನಾಲ್ಕರವರೆಗೆ ಬಿಸಿಲಿದ್ದರೆ ಇನ್ನೂ ಇಳಿಸಿ. ಸಂಜೆ ಏರಿಸಿ. ದಿನಕ್ಕೆ ನಾಲ್ಕು ಸಲ ಹಗ್ಗ ಎಳೆಯುವುದು ಬೇಸರದ ಕೆಲಸವೇ, ಆದರೆ ಬ್ರೂಡಿಂಗ್ ಅಂದರೆ ಅರ್ಧ ಕೆಲಸ ಇದೇ.

ಅಮೋನಿಯಾ ಜಾಸ್ತಿ ಆಗಿದೆ ಅಂತ ಹೇಗೆ ತಿಳಿಯುವುದು?

ಬೆಳಗ್ಗೆ ಹೊರಗಿನಿಂದ ಬಂದ ತಕ್ಷಣ, ಗಾರ್ಡಿನ ಪಕ್ಕ ಕುಕ್ಕರಗಾಲಲ್ಲಿ ಕುಳಿತು ಮರಿಯ ಮಟ್ಟದಲ್ಲಿ ಒಂದು ನಿಮಿಷ ಉಸಿರಾಡಿ. ಮೂಗು ಉರಿದರೆ, ಕಣ್ಣಲ್ಲಿ ನೀರು ಬಂದರೆ ಆಗಲೇ ಮಿತಿ ದಾಟಿದೆ. ನಿಂತುಕೊಂಡು ಮೂಸಿದರೆ ಗೊತ್ತಾಗುವುದಿಲ್ಲ. ಒಳಗೇ ಇದ್ದವರ ಮೂಗು ವಾಸನೆಗೆ ಒಗ್ಗಿಹೋಗಿರುತ್ತದೆ, ಅವರ ಮಾತು ನಂಬಬೇಡಿ.

ಮರಿಗಳ ಮನೆಯಲ್ಲಿ ಅಮೋನಿಯಾ 20 ಪಿಪಿಎಂ (ಗಾಳಿಯ ಹತ್ತು ಲಕ್ಷ ಭಾಗದಲ್ಲಿ 20 ಭಾಗ) ಒಳಗಿರಬೇಕು. 25 ದಾಟಿದರೆ ಗಂಟಲೊಳಗಿನ, ಧೂಳು ಹೊರಹಾಕುವ ಸಣ್ಣ ರೋಮಗಳು ಕೆಲಸ ನಿಲ್ಲಿಸುತ್ತವೆ. ಆಮೇಲೆ ಪ್ರತಿಯೊಂದು ಕೆಮ್ಮು ಶೀತಕ್ಕೂ ಬಾಗಿಲು ತೆರೆದ ಹಾಗೆ.

ಲಿಟರ್‌ಗೆ ಸುಣ್ಣ ಹಾಕಿದರೆ ವಾಸನೆ ಹೋಗಲ್ವಾ?

ಎಲ್ಲರೂ ಹೇಳುತ್ತಾರೆ. ಆದರೆ ಹಿಕ್ಕೆ ತುಂಬಿದ ಒದ್ದೆ ಲಿಟರ್‌ಗೆ ಸುಣ್ಣ ಬಿದ್ದರೆ ಕ್ಷಾರ ಏರಿ ಅಮೋನಿಯಾ ಇನ್ನೂ ಜೋರಾಗಿ ಹೊರಗೆ ಬರುತ್ತದೆ. ಸುಣ್ಣ ಹಾಕುವುದಿದ್ದರೆ ಮರಿ ಬರುವ ಮುಂಚೆ, ಬರೀ ನೆಲಕ್ಕೆ. ಮರಿ ಇರುವಾಗ ಒದ್ದೆಯಾದ ಭಾಗ, ಅದರಲ್ಲೂ ನೀರಿನ ಡ್ರಿಂಕರ್ ಸುತ್ತಲಿನದು, ಎತ್ತಿ ಹೊರಗೆ ಹಾಕಿ. ಉಳಿದದ್ದನ್ನು ಕೆದಕಿ ಒಣ ಹೊಟ್ಟು ಸೇರಿಸಿ. ಕೆದಕುವಾಗ ಪರದೆ ಪೂರ್ತಿ ತೆರೆದಿರಲಿ.

ಇದ್ದಿಲ ಒಲೆ ಇಡಬಹುದಾ?

ಕರೆಂಟ್ ನಂಬಲಾಗದ ಊರುಗಳಲ್ಲಿ ಇದ್ದಿಲು ತುಂಬಿದ ಮಡಕೆ ಅಥವಾ ತೂತು ಹೊಡೆದ ತಗಡಿನ ಡಬ್ಬಿ ಇಡುವುದು ಹಳೇ ರೂಢಿ. ಕೆಲಸ ಮಾಡುತ್ತದೆ, ಅಗ್ಗ. ಅಪಾಯವೂ ಇದೆ. ಇದ್ದಿಲು ಉರಿಯುವಾಗ ಕಾರ್ಬನ್ ಮೊನಾಕ್ಸೈಡ್ ಬರುತ್ತದೆ. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ಹೊಗೆ ಇಲ್ಲ ಅಂದರೆ ಅಪಾಯ ಇಲ್ಲ ಅನ್ನುವುದು ಸುಳ್ಳು. ಮರಿಗಳು ತೂಕಡಿಸಿ, ಕತ್ತು ಜೋತುಬಿಟ್ಟು, ಒಟ್ಟಿಗೆ ಸಾಯುತ್ತವೆ.

ಇಡಲೇಬೇಕು ಅಂದರೆ ಕೆಂಡವನ್ನು ಹೊರಗೆ ಹೊತ್ತಿಸಿ, ಪೂರ್ತಿ ಕೆಂಪಾದ ಮೇಲೆ ಒಳಗೆ ತನ್ನಿ. ಹೊತ್ತಿಕೊಳ್ಳುವಾಗಲೇ ವಿಷಗಾಳಿ ಜಾಸ್ತಿ. ಸುತ್ತ ಜಾಲರಿ, ಕೆಳಗೆ ಇಟ್ಟಿಗೆ. ಮೇಲಿನ ಸಂದು ಮಾಮೂಲಿಗಿಂತ ದೊಡ್ಡದಾಗಿ ತೆರೆದಿರಲಿ. ಮರಿ ಕಾಯುವವರು ಆ ಕೋಣೆಯಲ್ಲಿ ಮಲಗಲೇಬಾರದು. ಮರಿಯನ್ನು ಕೊಲ್ಲುವ ಗಾಳಿ ಮನುಷ್ಯರನ್ನೂ ಕೊಲ್ಲುತ್ತದೆ.

ಗ್ಯಾಸ್ ಬ್ರೂಡರ್ ಶುದ್ಧ ಅಲ್ವಾ?

ಇದ್ದಿಲಿಗಿಂತ ಶುದ್ಧ. ಆದರೆ ಒಂದು ಕಿಲೋ ಎಲ್‌ಪಿಜಿ ಉರಿದರೆ ಸುಮಾರು ಒಂದೂವರೆ ಕಿಲೋ ನೀರಿನ ಆವಿ ಮತ್ತು ಮೂರು ಕಿಲೋ ಇಂಗಾಲದ ಡೈಆಕ್ಸೈಡ್ ಹುಟ್ಟುತ್ತದೆ. ಕಾವಿನ ಜೊತೆ ಒಂದೂವರೆ ಲೀಟರ್ ನೀರನ್ನೂ ಕೋಣೆಗೆ ಚೆಲ್ಲಿದಂತೆ. ಬೆಳಗ್ಗೆ ತಗಡಿನ ಸೂರಿನಿಂದ ಹನಿ ತೊಟ್ಟಿಕ್ಕುತ್ತಿದ್ದರೆ ಅದು ಇದೇ ನೀರು. ಬರ್ನರ್ ಉರಿ ನೀಲಿ ಇರಬೇಕು. ಹಳದಿ ಉರಿ ಬಂದರೆ ಗಾಳಿ ಸಾಲುತ್ತಿಲ್ಲ, ಇಲ್ಲವೇ ಬರ್ನರ್ ತೂತು ಧೂಳಿನಿಂದ ಕಟ್ಟಿದೆ.

ರಾತ್ರಿ ಕರೆಂಟ್ ಹೋದರೆ?

ಗಾರ್ಡ್ ಚಿಕ್ಕದು ಮಾಡಿ, ಮೇಲೆ ಅರ್ಧಭಾಗಕ್ಕೆ ಮಾತ್ರ ಗೋಣಿಚೀಲ ಹೊದಿಸಿ. ಬಿಸಿನೀರು ತುಂಬಿದ ಬಾಟಲಿ, ಕ್ಯಾನ್‌ಗಳಿಗೆ ಬಟ್ಟೆ ಸುತ್ತಿ ನಡುವೆ ಇಡಿ. ಎರಡು ಮೂರು ಗಂಟೆ ತಳ್ಳಬಹುದು. ಇನ್ವರ್ಟರ್ ಕೇಳುವವರಿಗೆ ಲೆಕ್ಕ: 400 ವ್ಯಾಟಿನ ಬಲ್ಬ್‌ಗಳು ಮನೆಯ ಮಾಮೂಲಿ 150 ಎಎಚ್ ಬ್ಯಾಟರಿಯನ್ನು ಮೂರು ನಾಲ್ಕು ಗಂಟೆಯಲ್ಲಿ ಮುಗಿಸುತ್ತವೆ. ಕರೆಂಟ್ ಬಂದ ತಕ್ಷಣ ಎದ್ದು ಹೋಗಿ ಗೋಣಿ ತೆಗೆಯಿರಿ. ಮರೆತರೆ ಬೆಳಗ್ಗೆ ಸೆಕೆಗೆ ಸತ್ತಿರುತ್ತವೆ.

ಏಪ್ರಿಲ್, ಮೇನಲ್ಲೂ ಬ್ರೂಡರ್ ಬೇಕಾ?

ರಾಯಚೂರು, ಕಲಬುರಗಿ ಕಡೆ ಮಧ್ಯಾಹ್ನ 40 ದಾಟಿರುತ್ತದೆ. ಆ ಹೊತ್ತಿನಲ್ಲಿ ಬಲ್ಬ್ ಆರಿಸಿ, ಪರದೆ ಬಿಚ್ಚಿ, ಸೂರಿನ ಮೇಲೆ ಹುಲ್ಲು ಅಥವಾ ತೆಂಗಿನ ಗರಿ ಹಾಕಿ ನೀರು ಚಿಮುಕಿಸಿ. ಮೊದಲ ವಾರ ನಸುಕಿನಲ್ಲಿ ಮಾತ್ರ ಕಾವು ಬೇಕಾಗಬಹುದು, ಮರಿ ನೋಡಿ ನಿರ್ಧರಿಸಿ. ಸೆಕೆಗೆ ಸಿಕ್ಕಿದ ಮರಿ ಚಳಿಗೆ ಸಿಕ್ಕಿದ ಮರಿಗಿಂತ ಬೇಗ ಸಾಯುತ್ತದೆ. ಬಿಸಿಲಿಗೆ ಹೆದರಿ ಟೇಬಲ್ ಫ್ಯಾನನ್ನು ನೇರ ಮರಿಯ ಕಡೆ ತಿರುಗಿಸಬೇಡಿ, ಸೂರಿನ ಕಡೆ ತಿರುಗಿಸಿ.

ಮಲೆನಾಡಿನ ಮಳೆಗಾಲದಲ್ಲಿ?

ಅಲ್ಲಿ ವೈರಿ ಚಳಿಗಿಂತ ತೇವ. ಜುಲೈನಲ್ಲಿ ಹೊರಗಿನ ಗಾಳಿಯೇ ಒದ್ದೆ, ಹಾಗಾಗಿ ‘ಗಾಳಿ ಬಿಟ್ಟರೂ ಒಣಗಲ್ಲ’ ಅನ್ನುವ ದೂರು. ಒಣಗುತ್ತದೆ. 22 ಡಿಗ್ರಿಯ ಒದ್ದೆ ಗಾಳಿ ಒಳಗೆ ಬಂದು 30ಕ್ಕೆ ಕಾದರೆ ಅದರ ತೇವ ಹೀರುವ ಶಕ್ತಿ ಹೆಚ್ಚುತ್ತದೆ. ಹಾಗಾಗಿ ಮಳೆಗಾಲದಲ್ಲಿ ಕಾವು ಸ್ವಲ್ಪ ಜಾಸ್ತಿ, ಗಾಳಿಯೂ ಸ್ವಲ್ಪ ಜಾಸ್ತಿ. ಇರಚಲು ಹೊಡೆಯುವ ಕಡೆ ಸೂರನ್ನು ಮೂರು ಅಡಿ ಮುಂದಕ್ಕೆ ಚಾಚಿಸಿ. ಲಿಟರ್ ನಾಲ್ಕು ಇಂಚು ಹಾಕಿ. ಮಳೆಗಾಲಕ್ಕೆ ಬೇಕಾದ ಹೊಟ್ಟನ್ನು ಮೇ ತಿಂಗಳಲ್ಲೇ ತುಂಬಿಟ್ಟುಕೊಳ್ಳಿ.

ನನ್ನ ಹತ್ತಿರ ಹದಿನೈದೇ ಮರಿ. ರಟ್ಟಿನ ಪೆಟ್ಟಿಗೆ ಸಾಕಾ?

ಸಾಕು, ದೊಡ್ಡ ಪೆಟ್ಟಿಗೆಯಾದರೆ. ಒಂದು ತುದಿಯಲ್ಲಿ 40 ಅಥವಾ 60 ವ್ಯಾಟಿನ ಬಲ್ಬ್, ಇನ್ನೊಂದು ತುದಿ ತಂಪಾಗಿರಲಿ. ಪಕ್ಕಗಳ ಮೇಲ್ಭಾಗದಲ್ಲಿ ತೂತು, ಮೇಲೆ ಜಾಲರಿ. ಬೆಕ್ಕಿನ ಭಯಕ್ಕೆ ಪೂರ್ತಿ ಮುಚ್ಚಳ ಹಾಕುವವರಿದ್ದಾರೆ, ಸುಮ್ನೆ ಉಸಿರುಗಟ್ಟಿಸಿದಂತೆ. ಬಲ್ಬ್ ರಟ್ಟಿಗೆ ತಾಗದಿರಲಿ.

ಹಿಂಭಾಗಕ್ಕೆ ಹಿಕ್ಕೆ ಅಂಟಿಕೊಂಡು ಮುಚ್ಚಿಹೋಗುತ್ತಿದೆ. ಕಾವಿನ ತೊಂದರೆಯಾ?

ಒಂದೆರಡು ಮರಿಗಾದರೆ ಸಾಮಾನ್ಯವಾಗಿ ಹೌದು, ಚಳಿ ಅಥವಾ ಸೆಕೆ. ಬೆಚ್ಚನೆ ನೀರಲ್ಲಿ ಬಟ್ಟೆ ಅದ್ದಿ ಮೆತ್ತಗೆ ಮಾಡಿ ತೆಗೆಯಿರಿ, ಕಿತ್ತರೆ ಚರ್ಮ ಬರುತ್ತದೆ. ಒರೆಸಿ ಒಣಗಿಸಿಯೇ ಬಿಡಿ. ಹಲವು ಮರಿಗಳಲ್ಲಿ ಬಿಳಿ ಹಿಕ್ಕೆ ಅಂಟಿ ಸಾವೂ ಇದ್ದರೆ ಅದು ಸಾಲ್ಮೊನೆಲ್ಲಾ ಎಂಬ ಬ್ಯಾಕ್ಟೀರಿಯಾದ ಸೋಂಕು ಇರಬಹುದು. ಸತ್ತ ಮರಿಯನ್ನು ಅದೇ ದಿನ ಹತ್ತಿರದ ಪಶು ಆಸ್ಪತ್ರೆಗೆ ಒಯ್ಯಿರಿ.

ಬಾತುಕೋಳಿ, ಗೌಜಲು, ಟರ್ಕಿಗೂ ಇದೇ ಲೆಕ್ಕವಾ?

ಪೂರ್ತಿ ಅಲ್ಲ. ಗೌಜಲಿನ ಮರಿ ಏಳೆಂಟು ಗ್ರಾಂ ಅಷ್ಟೇ, ಮೊದಲ ವಾರ 37 ಡಿಗ್ರಿ ಬೇಕು, ಗಾಳಿಯ ಸುಳಿವೂ ತಡೆಯುವುದಿಲ್ಲ. ಟರ್ಕಿ ಮರಿಗೂ ಕೋಳಿಗಿಂತ ಒಂದೆರಡು ಡಿಗ್ರಿ ಜಾಸ್ತಿ. ಬಾತು ಮರಿಗೆ 30–32 ಸಾಕು, ಆದರೆ ಅವು ನೀರೆಲ್ಲ ಚೆಲ್ಲಾಡುತ್ತವೆ. ಅವಕ್ಕೆ ಗಾಳಿಯೂ ಹೊಸ ಹೊಟ್ಟೂ ದುಪ್ಪಟ್ಟು ಬೇಕು.

ಕಾವಿಗೆ ಕೂತ ನಾಟಿ ಹೇಂಟೆಯ ಕೆಳಗೆ ತಂದ ಮರಿ ಬಿಡಬಹುದಾ?

ಬಿಡಬಹುದು, ರಾತ್ರಿ ಕತ್ತಲಲ್ಲಿ, ಮರಿಗೆ ಎರಡು ದಿನ ದಾಟುವ ಮುಂಚೆ. ಒಂದು ಹೇಂಟೆ ಹತ್ತು ಹನ್ನೆರಡು ಮರಿ ಮುಚ್ಚಬಲ್ಲದು. ಬೆಳಗ್ಗೆ ಬೇಗ ಎದ್ದು ನೋಡಿ. ಕುಕ್ಕುತ್ತಿದ್ದರೆ ತೆಗೆದುಬಿಡಿ. ಒಪ್ಪಿಕೊಂಡಿತು ಅಂದರೆ ನಿಮಗೆ ಬಲ್ಬೂ ಬೇಡ, ಥರ್ಮಾಮೀಟರೂ ಬೇಡ.

ಕಾವು ಯಾವಾಗ ನಿಲ್ಲಿಸಬೇಕು?

ಬೆನ್ನು, ಎದೆಯ ಮೇಲೆ ಗರಿ ಬಂದಿರಬೇಕು. ಬೇಸಿಗೆಯಲ್ಲಿ ಎರಡೂವರೆ ವಾರಕ್ಕೇ ಆಗಬಹುದು, ಬೀದರಿನ ಡಿಸೆಂಬರಿನಲ್ಲಿ ಐದು ವಾರವೂ ಹಿಡಿಯಬಹುದು. ನಾಟಿ ಮರಿಗೆ ಬ್ರಾಯ್ಲರ್‌ಗಿಂತ ಬೇಗ ಗರಿ ಬರುತ್ತದೆ. ಮೊದಲು ಹಗಲಿನ ಕಾವು ನಿಲ್ಲಿಸಿ, ಆಮೇಲೆ ಸಂಜೆಯದು, ಕೊನೆಗೆ ನಸುಕಿನದು. ಲಸಿಕೆ ಹಾಕಿದ ದಿನ ನಿಲ್ಲಿಸಬೇಡಿ, ಆ ಎರಡು ರಾತ್ರಿ ಒಂದು ಡಿಗ್ರಿ ಜಾಸ್ತಿಯೇ ಇರಲಿ. ನಿಲ್ಲಿಸಿದ ಮೇಲೂ ಒಂದು ವಾರ ಬಲ್ಬ್ ಬಿಚ್ಚದೆ ಅಲ್ಲೇ ತೂಗುಬಿಟ್ಟಿರಿ, ಅಕಾಲದ ಮಳೆ ಬಂದರೆ ಸ್ವಿಚ್ ಹಾಕಿದರಾಯಿತು.